ಕಳ್ಳಗಾಳಿ

ಮಾಲ್ದಾರೆಯ ತಿರುವಿನಲ್ಲಿ ಅದು ನಿಂತಿತ್ತು,
ಒಂಟಿ, ಕಿವಿ ಬೀಸದೆ.
ನ್ಯೂಟ್ರಲ್ಲಿಗೆ ತಂದೆ, ಆಕ್ಸಿಲರೇಟರ್ ಬಿಟ್ಟೆ.
ಜಾವಾ ಬಿಡಲಿಲ್ಲ.
ನಿಂತಲ್ಲೇ ಓಡತೊಡಗಿತು,
ಹಾಲುಕ್ಕಿದ ಹಾಗೆ ಸದ್ದು ಮೇಲೆ ಮೇಲೆ ಏರಿ,
ಕೀ ಕಿತ್ತರೂ ಇನ್ನೆರಡು ಉಸಿರು ಕೂಗಿ
ಆಮೇಲೆ ಸತ್ತಿತು.
ಆನೆ ನನ್ನ ಕಡೆ ನೋಡಿತು,
ಬಾಕಿ ಬಿಲ್ಲಿನವರು ನೋಡುತ್ತಾರಲ್ಲ, ಹಾಗೆ.
ಮತ್ತೆ ಕಾಫಿಗಿಡ ಮುರಿಯುತ್ತ ಒಳಗಿಳಿಯಿತು.
ಕಿಕ್ಕೂ ಗೇರೂ ಒಂದೇ ಕೋಲು ಈ ಗಾಡಿಗೆ.
ಅದನ್ನೆತ್ತಲು ಕಾಲು ಗಂಟೆ ಬೇಕಾಯಿತು
ನನ್ನ ಕಾಲಿಗೆ.

ಇಪ್ಪತ್ತೆಂಟು ವರ್ಷ ಮೀಟರ್ ಓದಿದವನು ನಾನು.
ತೋಟದಿಂದ ತೋಟಕ್ಕೆ, ಲೈನ್‌ಮನೆಯಿಂದ ಲೈನ್‌ಮನೆಗೆ.
ಒಂದೂ ದೀಪ ಉರಿಯದೆ ಚಕ್ರ ತಿರುಗುತ್ತಿದ್ದರೆ
ಎಲ್ಲೋ ಸೋರಿಕೆ, ಗೊತ್ತು.
ಆದರೂ ಜಗಲಿಯಲ್ಲಿ ಕೂತು
ಮೂರು ಭಾನುವಾರ ತಿರುಗಿಸಿದ್ದು ಒಂದೇ ಸ್ಕ್ರೂ:
ಒಳಗೆ ಅರ್ಧ, ಹೊರಗೆ ಒಂದೂವರೆ,
ಮತ್ತೆ ಒಳಗೆ.
ಚೋಂದವ್ವ ಅಕ್ಕಿ ಕೇರುತ್ತಲೇ ಹೇಳಿದಳು,
"ಹೊಟ್ಟೆನೋವಿಗೆ ಕಿವಿ ಹಿಂಡಿದರೆ ಆಯಿತಾ?"

ಸಿದ್ದಾಪುರದ ಸಂತೆಮಾಳದ ಹಿಂದೆ
ಆಲಿಕುಟ್ಟಿಯ ಶೆಡ್ಡು.
ಅವನು ಸ್ಪ್ಯಾನರ್ ಮುಟ್ಟಲಿಲ್ಲ.
ಹ್ಯಾಂಡಲ್ಲನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದ,
ಸದ್ದು ಕದಲಲಿಲ್ಲ. "ಕೇಬಲ್ಲಿನದಲ್ಲ."
ಸ್ಲೈಡು ಎತ್ತಿ ಬಿಟ್ಟ,
ಬಾವಿಗೆ ಬಿಟ್ಟ ಕೊಡದಂತೆ ತಳ ಮುಟ್ಟಿತು. "ಅದೂ ಅಲ್ಲ."
ಬೀಡಿ ಹಚ್ಚಲು ಹೋಗಿ, ಪೆಟ್ರೋಲು ನೆನಪಾಗಿ,
ಕಿವಿಯ ಮೇಲೆ ಸಿಕ್ಕಿಸಿಕೊಂಡ.
ಆಮೇಲೆ ಹೊಲಿಗೆ ಮಿಷನ್ನಿನ ಎಣ್ಣೆಡಬ್ಬಿ ತಂದು
ಕಾರ್ಬುರೇಟರು ಸಿಲಿಂಡರಿಗೆ ಸೇರುವ ಸಂದಿಗೆ
ಒಂದು ತೊಟ್ಟು.

ಸಂದಿ ಅದನ್ನು ಗುಟುಕರಿಸಿತು.
ಇಂಜಿನ್ನು ಕೆಮ್ಮಿ, ಬಿಳಿ ಹೊಗೆ ಉಗುಳಿ,
ಮೂರು ವಾರದಲ್ಲಿ ಮೊದಲ ಸಲ
ತಗ್ಗಿ ಮಾತಾಡಿತು.
ಐದೆಣಿಸುವುದರೊಳಗೆ ಮತ್ತದೇ ಕಿರುಚಾಟ.

"ಕಳ್ಳಗಾಳಿ," ಎಂದ.
"ಬಾಯಿ ಬಿಟ್ಟು ಪಕ್ಕೆಯಿಂದ ಕುಡೀತಾ ಉಂಟು.
ಪೆಟ್ರೋಲು ಅಷ್ಟೇ, ಗಾಳಿ ಜಾಸ್ತಿ.
ಹಸಿದವನ ಓಟ ಇದು."

ಬಿಚ್ಚಿದ. ಗಾಜಿನ ಮೇಲಿಟ್ಟ.
ಫ್ಲ್ಯಾಂಜು ತೊಟ್ಟಿಲಾಡಿತು.
"ಯಾರು ಇಷ್ಟು ಬಿಗಿದದ್ದು?"
ಮಳೆ ಹಿಡಿಯುವ ಮೊದಲು, ಸಡಿಲಾದೀತೆಂದು ಹೆದರಿ,
ನಟ್ಟು ಅಳುವ ತನಕ
ನಾನೇ.
ಹೇಳಲಿಲ್ಲ. ಅವನೂ ಮತ್ತೆ ಕೇಳಲಿಲ್ಲ.

ಗಾಜಿನ ಮೇಲೆ ಉಪ್ಪುಕಾಗದ, ಕಾಗದದ ಮೇಲೆ ನೀರು,
ಎಂಟು ಬರೆಯುತ್ತ ಬರೆಯುತ್ತ ಅವನ ಕೈ.
ಅಂಚಷ್ಟೇ ಹೊಳೆಯುತ್ತಿದ್ದದ್ದು
ನಿಧಾನಕ್ಕೆ ನಡುವೂ ಹೊಳೆಯಿತು.
"ಪ್ಯಾಕಿಂಗಿಗೆ ಒಂದು ರಟ್ಟು?"
ಚೀಲದಲ್ಲಿ ಹಳೇ ಮೀಟರ್ ಪುಸ್ತಕ,
ಕೈಯಂತ್ರ ಬಂದು ಒಂಬತ್ತು ವರ್ಷವಾದರೂ
ಯಾಕೋ ಹೊತ್ತುಕೊಂಡೇ ತಿರುಗುತ್ತಿದ್ದದ್ದು.
ಹೊದಿಕೆ ಕಿತ್ತು ಕೊಟ್ಟೆ.
ಅಂಚಿನಗುಂಟ ಪುಟ್ಟ ಸುತ್ತಿಗೆಯಿಂದ
ಟಕ್ ಟಕ್ ಎನ್ನಿಸಿದ, ಮಲಗಿದ ಮಗುವಿನ ಬೆನ್ನು ತಟ್ಟಿದಷ್ಟೇ ಮೆಲ್ಲಗೆ.
ರಟ್ಟು ತಾನಾಗಿ ತುಂಡಾಗಿ ಬಂತು.
ಅದರ ಮೇಲೆ ನನ್ನದೇ ಅಕ್ಷರ,
ಯಾವ ಮನೆಯದೋ, ಯಾವ ಮಳೆಗಾಲದ್ದೋ:
ನಾಯಿ ಇದೆ. ಹಿಂಬಾಗಿಲಿಂದ ಹೋಗುವುದು.

ಎರಡು ನಟ್ಟು. ಇದಕ್ಕರ್ಧ, ಅದಕ್ಕರ್ಧ.
ಬೆರಳು ಸಾಕು ಎಂದಲ್ಲಿ ನಿಲ್ಲಿಸಿದ.
ಸ್ಕ್ರೂಡ್ರೈವರ್ ಮಾತ್ರ ನನ್ನ ಕೈಗಿತ್ತ,
"ಈಗ ನಿಮ್ಮ ಆ ಸ್ಕ್ರೂ ತಿರುಗಿಸಿ."
ತಿರುಗಿಸಿದೆ. ಮಾತು ಕೇಳಿತು.
ಟಂಗ್, ಟಂಗ್,
ನಡುವೆ ಒಂದನ್ನು ಮರೆತು,
ಟಂಗ್.
ಅವನು ಬೀಡಿ ಹಚ್ಚಿಕೊಂಡು ಆಚೆ ಹೋದ.

ಬರುವಾಗ ಮಾಲ್ದಾರೆಯ ತಿರುವಿನಲ್ಲಿ ನಿಲ್ಲಿಸಿದೆ.
ಯಾರೂ ಇರಲಿಲ್ಲ.
ಲದ್ದಿ ಇತ್ತು, ಆರಿದ್ದು.
ಆದರೂ ನ್ಯೂಟ್ರಲ್ಲಿಗೆ ತಂದು, ಕೈ ಬಿಟ್ಟು,
ಸ್ವಲ್ಪ ಹೊತ್ತು ಕಾದೆ.
ಒಮ್ಮೆ ಕೇಳಿಸಬೇಕಿತ್ತು ಅದಕ್ಕೆ.