ಡಂಡಿಯಲ್ಲಿ, ಹಿಟ್ಟು ತೂಗುತ್ತ

ಅರ್ಜಿಗೆ ಬೆಣ್ಣೆ ತಾಗೀತು, ಸ್ಟ್ರೂವನ್, ಅತ್ತ ಸರಿಸು.
ಅಕ್ಕ ಕಳಿಸಿದ್ದಾಳೆ ನಿನ್ನನ್ನು:
ಚಿಕ್ಕಮ್ಮನನ್ನೇ ಕೇಳು, ಅವಳೇ ಬೇಡ ಅಂತಾಳೆ, ಅಂತ.
ಹೇಳುತ್ತೇನೆ. ಹೇಳುವುದು ಬೇಕಾದಷ್ಟಿದೆ.
ಮೊದಲು ಆ ತಕ್ಕಡಿ ಇಳಿಸಿಕೊಡು, ಎಫಿ ಅಜ್ಜಿಯದು.
ನಾಲ್ಕು ಔನ್ಸಿನ ಬಟ್ಟು ಅವಳ ಕಾಲಕ್ಕೇ ಕಳೆದದ್ದು,
ಅದರ ಬದಲಿಗೆ ಸಾಸಿವೆ ಡಬ್ಬಿ.

ಮೊದಲ ಹನ್ನೊಂದು ತಿಂಗಳು ನನ್ನ ಕೆಲಸ
ಗೋಡೆಗೆ ಡಿಕ್ಕಿ ಹೊಡೆಯುವುದು.
ತಮಾಷೆಯಲ್ಲ. ಆಟದೊಳಗೊಂದು ಕೋಟೆ,
ಎಂಟುನೂರ ನಲವತ್ತು ಗೋಡೆ,
ಒಂದೊಂದಕ್ಕೂ ಮೈ ಒತ್ತಿ ನಡೆಯಬೇಕು,
ಎಲ್ಲೋ ಸಂದಿಯಿದ್ದು ಲೋಕದಾಚೆ ಬಿದ್ದರೆ
ಬರೆದಿಡಬೇಕು: ಇಲ್ಲಿ ಬಿದ್ದೆ.
ಗೋಡೆಗೆ ತಲೆ ಚಚ್ಚಿಕೊಂಡು ಸಂಬಳ ತಂದವಳು
ನಮ್ಮ ವಂಶದಲ್ಲಿ ನಾನೇ ಮೊದಲು
ಅಂದೆ ಅಜ್ಜಿಗೆ. ಅವಳಿಗೆ ಕೇಳಿಸಲಿಲ್ಲ.

ಅವಳ ಕಿವಿ ಸೆಣಬಿನ ಗಿರಣಿಯಲ್ಲಿ ಹೋಗಿತ್ತು,
ಮೂವತ್ತು ತುಂಬುವ ಮೊದಲೇ, ಮಗ್ಗಗಳ ಸದ್ದಿಗೆ.
ಅಲ್ಲಿನ ಹೆಂಗಸರು ತುಟಿ ಓದುತ್ತಿದ್ದರು,
ಬೆರಳಲ್ಲಿ ಬೈಯುತ್ತಿದ್ದರು.
ಅವಳು ನೇಯ್ದ ಗೋಣಿ
ಯಾವ ಸೀಮೆಯ ಯಾವ ಕಾಳು ಹೊತ್ತಿತೋ,
ಒಂದರ ಮೇಲೂ ಎಫಿ ಅಂತ ಬರೆದಿರಲಿಲ್ಲ.

ನನ್ನ ಹೆಸರೂ ಇಲ್ಲ. ಆಟ ಮುಗಿದಾಗ
ಹೆಸರುಗಳು ಮೇಲೇರುತ್ತವಲ್ಲ, ಆರು ನಿಮಿಷ,
ರಾತ್ರಿಯೂಟ ತಂದುಕೊಟ್ಟ ಹುಡುಗನಿದ್ದಾನೆ,
ಯಜಮಾನನ ನಾಯಿ ಇದೆ.
ನಾನು ಹದಿನೇಳು ದಿನ ಮೊದಲು ಬಿಟ್ಟಿದ್ದೆ.
ಬಿಟ್ಟವರ ಹೆಸರು ಹಾಕುವುದು ಅಲ್ಲಿನ ಪದ್ಧತಿಯಲ್ಲ.

ಯಾಕೆ ಬಿಟ್ಟೆ? ಡಿಸೆಂಬರಿನಲ್ಲಿ ಈ ಊರಿಗೆ
ಹಗಲೆಂಬುದು ಏಳೇ ತಾಸು. ಅದನ್ನೂ ನೋಡಲಿಲ್ಲ ಆ ವರ್ಷ.
ಕೋಟೆಯಲ್ಲಿ ಮಾತ್ರ ದಿನಕ್ಕೆ ನಲವತ್ತು ಸಲ ಸೂರ್ಯೋದಯ.
ಮನೆಗೆ ಬರುತ್ತಿದ್ದುದು ಸ್ನಾನಕ್ಕೆ.
ಬಲ ಮಣಿಕಟ್ಟು ಈಗಲೂ ಹೀಗೆ, ನೋಡು,
ಹಿಟ್ಟು ನಾದಲು ನೀನೇ ಬೇಕು.

ಎರಡನೆಯ ಕಂಪನಿ ಒಳ್ಳೆಯದು.
ಅಲ್ಲಿ ಮೂರು ವರ್ಷ ಒಂದು ದ್ವೀಪ ಕಟ್ಟಿದೆವು.
ಒಂದು ಮಂಗಳವಾರ ಹತ್ತು ನಿಮಿಷದ ಸಭೆ,
ಹೊರಗೆ ಬಂದು ಬಾಗಿಲಿಗೆ ಕಾರ್ಡು ಹಿಡಿದರೆ ಕೆಂಪು ದೀಪ.
ನನ್ನ ಸ್ವೆಟರು ಒಳಗೇ ಉಳಿಯಿತು.
ದ್ವೀಪದ ಬಗ್ಗೆ ಬಾಯಿ ಬಿಡುವುದಿಲ್ಲವೆಂದು ರುಜು ಹಾಕಿದ್ದೇನೆ,
ಆದ್ದರಿಂದ ಅದು ದ್ವೀಪವೆಂದು ನೀನು ಕೇಳಿಸಿಕೊಂಡಿಲ್ಲ.

ನನ್ನ ಜೊತೆ ಓದಿದ ಗ್ರೇಗರ್
ಅದೇ ವಿದ್ಯೆಯನ್ನು ಬ್ಯಾಂಕಿಗೆ ಮಾರಿ
ಬ್ರಾಟಿ ಫೆರಿಯಲ್ಲಿ ಸಮುದ್ರ ಕಾಣುವ ಮನೆ ಕೊಂಡ.
ಹಾಕು, ಇನ್ನಷ್ಟು ಹಾಕು ಹಿಟ್ಟು, ಬಟ್ಟಲು ಇನ್ನೂ ಮೇಲಿದೆ.

ಎಲ್ಲಕ್ಕಿಂತ ಕೆಟ್ಟದ್ದು ಇದು:
ನನಗೀಗ ಆಡಲು ಬರುವುದಿಲ್ಲ.
ಯಾವ ಆಟ ತೆರೆದರೂ, ಯಾವ ಕಾಡು, ಯಾವ ಅರಮನೆಯಾದರೂ,
ಕಾಲು ತಾನಾಗಿ ಗೋಡೆಯತ್ತ ಹೋಗುತ್ತದೆ.

ಆಚೆ ತಟ್ಟೆಗೆ ಏನೂ ಇಲ್ಲವೇ ಅಂದರೆ,
ಒಂದಿದೆ. ಲಾಖೀ ಕಡೆಯ ಬಸ್ಸು, ಬೆಳಗಿನ ಜಾವ,
ರಾತ್ರಿ ಪಾಳಿ ಮುಗಿಸಿದ ನರ್ಸೊಬ್ಬಳು ಮುಂದಿನ ಸೀಟಿನಲ್ಲಿ,
ಕೈಯಲ್ಲಿ ಪುಟ್ಟ ಪರದೆ. ಅದರಲ್ಲಿ ನಾನು ಮಾಡಿದ ಸೇತುವೆ.
(ಆ ಆಟದಲ್ಲಿ ನನ್ನ ಹೆಸರಿದೆ, ಒಂದಕ್ಷರ ತಪ್ಪಾಗಿ.)
ಸೇತುವೆಯ ಮೇಲೆ ವೈರಿಯಿಲ್ಲ, ನಿಧಿಯಿಲ್ಲ,
ದಾಟಿಕೊಂಡು ಹೋಗುವುದಷ್ಟೇ.
ಅವಳು ದಾಟಲಿಲ್ಲ.
ನಟ್ಟನಡುವೆ ನಿಂತು ನೀರು ನೋಡಿದಳು.
ಎರಡು ಸ್ಟಾಪು ಕಳೆಯಿತು, ನನ್ನದೂ ಕಳೆಯಿತು.
ಮಾತಾಡಿಸಲಿಲ್ಲ. ಏನಂತ ಹೇಳಲಿ,
ಆ ನೀರು ನನ್ನದು ಅಂತಲೇ?

ಅದಕ್ಕೆಷ್ಟು ತೂಕ, ಗೊತ್ತಿಲ್ಲ.
ಕಳೆದ ಬಟ್ಟಿನಷ್ಟಿರಬಹುದು. ಸಾಸಿವೆ ಡಬ್ಬಿಯಷ್ಟಿರಬಹುದು,
ಡಬ್ಬಿಯೂ ಈಗ ಅರ್ಧ ಖಾಲಿ.
ಚಿಕ್ಕಮ್ಮ ಬೇಡ ಅಂದಳು ಅಂತ ಅಮ್ಮನಿಗೆ ಹೇಳು.

ಏನಂದೆ? ಕೇಳಿಸಲಿಲ್ಲ.

ಸೇತುವೆಯ ಕೆಳಗೆ ಮೀನಿದ್ದವೇ ಅಂತಲೇ?
ಇದ್ದವು. ಮೂರು. ಯಾರೂ ಈವರೆಗೆ ಕಂಡಿಲ್ಲ.
ಒಲೆ ಹಚ್ಚು.