ಮೂರು ದಿನ ತಡ

ಮೊಟುಯೇಕದ ಶೆಡ್ಡಿನಲ್ಲಿ ಈ ಸುಗ್ಗಿಯ ಹಾಪ್ ಹೂವಿನ ಬಿಯರು.
ಪೇಟೆಯಿಂದ ಬಂದವರು ಗ್ಲಾಸಿಗೆ ಮೂಗಿಟ್ಟು ಹೇಳುತ್ತಾರೆ:
ಪೈನ್ ಮರ, ನಿಂಬೆಸಿಪ್ಪೆ, ಹಸಿ ಹುಲ್ಲು.
ಒಬ್ಬ ಮಾತ್ರ, ತಪ್ಪೊಪ್ಪಿಕೊಳ್ಳುವವನಂತೆ, ಬೆಕ್ಕು ಅನ್ನುತ್ತಾನೆ.

ನೈರಿ ಏನನ್ನೂ ಹೆಸರಿಸುವುದಿಲ್ಲ.
ನಲವತ್ತು ವರ್ಷ ಹೂ ಉಜ್ಜಿ ಮೂಸಿದ ಅಂಗೈ,
ಗೆರೆಗಳಲ್ಲಿ ಇನ್ನೂ ಹಳದಿ ಹುಡಿ.
ಒಂದು ಗುಟುಕು. ಕಹಿ ನಾಲಿಗೆಯ ಬುಡಕ್ಕಿಳಿದು
ಒಗರಾಗಿ ಕೂರುತ್ತದೆ. ಅದರ ಹಿಂದೆ
ತುಸುವೇ ತುಸು
ಈರುಳ್ಳಿ.

"ತಡವಾಗಿ ಕೊಯ್ದದ್ದು. ಮೂರು ದಿನ."

ಯಾಕೆಂದು ಕೇಳದೆ ಬರೆದುಕೊಳ್ಳುತ್ತಾರೆ: ದೋಷ.

ಮೂರು ದಿನ ಯಂತ್ರ ನಿಂತಿತ್ತು,
ಬಳ್ಳಿ ತಂತಿಯ ಮೇಲೆ ಮಾಗುತ್ತಲೇ ಇತ್ತು,
ತಮ್ಮ ರಾವಿರಿ ಹಿರೀಕರ ಸಭೆಮನೆಯಲ್ಲಿ
ತೆರೆದ ಪೆಟ್ಟಿಗೆಯೊಳಗೆ ಮಲಗಿದ್ದ, ಸುತ್ತ ಹಾಡು.

ಉಳಿದದ್ದು ಚೆಲ್ಲುವ ಬಕೆಟ್ಟು ಅವಳ ಮುಂದೆ ಬರುತ್ತದೆ.
ಪಕ್ಕಕ್ಕೆ ದಾಟಿಸುತ್ತಾಳೆ.
ತಳ ಕಾಣುವ ತನಕ ಕುಡಿಯುತ್ತಾಳೆ.