ಹಿಂದಕ್ಕೊಂದು ಹೆಜ್ಜೆ

ಬಟೂಮಿಯ ಹೋಟೆಲಿನ ಲಾಂಡ್ರಿಯಲ್ಲಿ
ಕೊನೆಯ ಮೆಷಿನ್ನು ತಿರುಗುವ ನಲವತ್ತು ನಿಮಿಷ
ನನ್ನದು.
ಒಂದೇ ನೋಟುಬುಕ್ಕು: ಮುಂದಿನಿಂದ ಮನೆ ಲೆಕ್ಕ,
ಹಿಂದಿನಿಂದ ಇಂಗ್ಲಿಷು.

ಲಮಾರಾ ಟೀಚರ್ ಹೇಳಿಕೊಟ್ಟದ್ದು ಇಷ್ಟೇ:
ಒಬ್ಬರಾಡಿದ ಮಾತನ್ನು ಇನ್ನೊಬ್ಬರಿಗೆ ದಾಟಿಸುವಾಗ
ಕ್ರಿಯಾಪದ ಹಿಂದಕ್ಕೊಂದು ಹೆಜ್ಜೆ ಇಡಬೇಕು.
ಇದೆ ಅಂದರೆ ಇತ್ತು. ನಾಳೆ ಅಂದರೆ ಮರುದಿನ.
ವಿಲ್ ಅಂದದ್ದು ವುಡ್.

ಬರೆದೆ. ಮನೆಯೊಡತಿ ಬಾಡಿಗೆ ಏರಿಸಬೇಕಾಗಿತ್ತಂತೆ.
ಏರಿ ಇಳಿದುಹೋದ ಹಾಗಿದೆ ಓದಿದರೆ;
ಪುಸ್ತಕ ಮಗುಚಿ ನೋಡು,
ಅಲ್ಲೇ ಇದೆ, ಅರವತ್ತು ಲರಿ ಜಾಸ್ತಿ.

ಮಗ ಅಂದ, ಅವನ ಕಾಲು ಬೆಳೆದಿತ್ತು.
ಬೂಟಿನ ತುದಿಯಲ್ಲಿ ಹೆಬ್ಬೆರಳು
ಇನ್ನೂ ವರ್ತಮಾನದಲ್ಲೇ.

ಭಾವ ಜುಂಬೆರ್, ಮುನ್ನೂರು ಲರಿ ಎಣಿಸಿಕೊಂಡು
ಎದೆ ಮುಟ್ಟಿಕೊಂಡು ಅಂದಿದ್ದ
ಅದರ ಮುಂದಿನ ಸೋಮವಾರ
ವಾಪಸು ಕೊಡುವವನಿದ್ದನಂತೆ.
ಪೆನ್ನು ನಿಂತಿತು.
ಈ ವುಡ್ಡನ್ನು ಎಲ್ಲಿ ಬರೆಯಲಿ,
ಬರಬೇಕಾದ್ದರಲ್ಲೋ, ಹೋದದ್ದರಲ್ಲೋ?
ಅಂತೆಯಿಂದ ಫ್ರಿಜ್ಜಿನ ಕಂತು ತೀರುವುದಿಲ್ಲ.
ಟೀಚರ್ ಮಾತ್ರ ಕೆಂಪು ಶಾಯಿಯಲ್ಲಿ
ಗುಡ್ ಎಂದು ಹಾಕಿದ್ದಾರೆ.

ಪಾಠದ ಕೆಳಗೆ ಸಣ್ಣಕ್ಷರದಲ್ಲೊಂದು ವಿನಾಯಿತಿ:
ಎಂದೆಂದಿಗೂ ನಿಜವಾದದ್ದು
ಹಿಂದೆ ಸರಿಯಬೇಕಿಲ್ಲ.
ಭೂಮಿ ತಿರುಗುತ್ತದೆ ಅಂದರು, ತಿರುಗುತ್ತದೆ.

ಮೆಷಿನ್ನು ಕೂಗುವ ಮೊದಲು
ಆಕಡೆ ಕೂಡಿಸಿ ಕಳೆದು,
ಈಕಡೆ ಬಂದು ಬರೆದೆ:
ತ್ಸಿಯುರಿ ಹೇಳಿದಳು,
ತಿಂಗಳ ಕೊನೆಗೆ ಹನ್ನೊಂದು ಲರಿ ಉಳಿಯುತ್ತದೆ.

ಉಳಿಯುತ್ತಿತ್ತು ಎಂದು ತಿದ್ದಲಿಲ್ಲ.
ಅರ್ಧ ಅಂಕ ಹೋದರೆ ಹೋಗಲಿ.